ಒಂದು ಹಲ್ಲಿನ ಲೆಕ್ಕ

ಬಾಳೆಬರೆ ಘಾಟಿ ಹತ್ತಲು ಶುರುಮಾಡಿ ಎರಡು ತಿರುವು ದಾಟಿತ್ತಷ್ಟೇ. ಪಕ್ಕದ ಸೀಟಿನಲ್ಲಿದ್ದ ಅಪ್ಪಯ್ಯ ಕೇಳಿದರು, "ಅದೆಂತ ಶಬ್ದ ಮಾರಾಯ?"

"ಯಾವ್ದು?"

"ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡ್ಸಿದ ಹಾಂಗೆ ಬರ್ತಾ ಉಂಟಲ್ಲ."

ನಾನು ಕೇಳಿಸಿಕೊಂಡ ಹಾಗೆ ಮಾಡಿದೆ. "ಸೈಲೆನ್ಸರ್ ಮೇಲಿನ ತಗಡು ಲೂಸಾಗಿರ್ಬೇಕು ಅಪ್ಪಯ್ಯ" ಅಂದು ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ. ಮೇ ತಿಂಗಳ ಬಿಸಿಲು. ತೀರ್ಥಹಳ್ಳಿಯಲ್ಲಿ ಸಂಬಂಧಿಕರ ಮದುವೆ, ಮುಹೂರ್ತಕ್ಕೆ ಎರಡೂವರೆ ಗಂಟೆ ಬಾಕಿ. ಅಪ್ಪಯ್ಯ ಮತ್ತೆ ಮಾತಾಡಲಿಲ್ಲ. ಘಾಟಿ ಮುಗಿದು ಮಾಸ್ತಿಕಟ್ಟೆ ಬರುವಷ್ಟರಲ್ಲಿ ಇಡೀ ಕಾರು ನಡುಗುತ್ತಿತ್ತು, ಹಿಂದಿನ ಕನ್ನಡಿಯಲ್ಲಿ ನೀಲಿ ಹೊಗೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರಸ್ತೆ ಪಕ್ಕ ನಿಲ್ಲಿಸಿದೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ಅಪ್ಪಯ್ಯ ಇಳಿದರು. ಅರ್ಧ ಗಂಟೆ ಕಾದು, ಬಂದ ಬಸ್ಸಿಗೆ ಕೈ ಮಾಡಿ ಹತ್ತಿ ಹೋದರು. ನಾನು ಟೋಯಿಂಗ್ ಗಾಡಿಗೆ ಫೋನ್ ಮಾಡುತ್ತಾ ಬಾನೆಟ್ ಎತ್ತಿಕೊಂಡು ನಿಂತೆ.

ಆ ಇಂಜಿನ್ನನ್ನು ಹಾಳು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಒಂದೂವರೆ ವರ್ಷ ರಾತ್ರಿಯೆಲ್ಲ ಕೂತು, ಓದಿ, ಕಲಿತು, ಟ್ಯೂನ್ ಮಾಡಿ, ಆಮೇಲೆ ಹಾಳು ಮಾಡಿದ್ದು. ಹೇಗೆ ಅಂತ ಬರೆದಿಡೋಣ ಅನ್ನಿಸಿತು. ನಮ್ಮ ಪೈಕಿ ಈ ಹುಚ್ಚು ಹತ್ತಿಸಿಕೊಂಡವರು ಇನ್ನೂ ಇದ್ದಾರೆ ಅಂತ ಗೊತ್ತು. ಹತ್ತಿಸಿಕೊಳ್ಳದವರಿಗೂ ಇದರಲ್ಲಿ ಏನಾದರೂ ಸಿಗಬಹುದು.

ಕಾರು ಹಳೇ ಮಾರುತಿ ಎಸ್ಟೀಮ್, ಎಂಪಿಎಫ್‌ಐ ಮಾಡೆಲ್. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. ಹಗುರ ಗಾಡಿ. ಹೊಸದಾಗಿದ್ದಾಗ 85 ಬಿಎಚ್‌ಪಿ ಕೊಡುತ್ತಿತ್ತು. ರ‍್ಯಾಲಿ ಹುಡುಗರಿಗೆ ಈ ಕಾರಿನ ಮೇಲೆ ಯಾಕೆ ಪ್ರೀತಿ ಅಂತ ಒಮ್ಮೆ ಓಡಿಸಿದರೆ ಗೊತ್ತಾಗುತ್ತದೆ. ನಾನು ಸೆಕೆಂಡ್ ಹ್ಯಾಂಡಲ್ಲಿ ಕೊಂಡಾಗ ಹಿಂದಿನ ಓನರ್ ಹೆಡ್ ಪೋರ್ಟಿಂಗ್ ಮಾಡಿಸಿ, ಕ್ಯಾಮ್‌ಶಾಫ್ಟ್ ಬದಲಿಸಿ, ಹೊಸ ಎಕ್ಸಾಸ್ಟ್ ಹೆಡರ್ ಹಾಕಿಸಿದ್ದ. ಗಾಳಿ ಹೆಚ್ಚು ಎಳೆದುಕೊಳ್ಳುವ ಹಾಗೆ ಎಲ್ಲ ಮಾಡಿ, ಕಂಪನಿಯ ಇಸಿಯು ಮಾತ್ರ ಹಾಗೇ ಬಿಟ್ಟಿದ್ದ. ಇಂಜಿನ್ ಬದಲಾಗಿದೆ ಅಂತ ಆ ಪಾಪದ ಡಬ್ಬಿಗೆ ಗೊತ್ತೇ ಇಲ್ಲ. ಹಳೇ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತಿತ್ತು. ಕೆಳಗೆ ಮುಗ್ಗರಿಸುವುದು, ಮೇಲೆ ಹೋದರೆ ಉಸಿರು ಕಟ್ಟುವುದು.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಟ್ಯೂನ್ ಮಾಡಿಕೊಡುವವರು ಇದ್ದಾರೆ. ಆದರೆ ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ನಾನೇ ಮಾಡ್ತೀನಿ ಅಂದುಕೊಂಡೆ. ಸ್ಪೀಡುಯಿನೋ ಅಂತ ಒಂದು ಓಪನ್ ಸೋರ್ಸ್ ಇಸಿಯು ಇದೆ. ಅದರ ಹೃದಯ ಆರ್ಡುಯಿನೋ ಮೆಗಾ ಬೋರ್ಡು: 8 ಬಿಟ್, 16 ಮೆಗಾಹರ್ಟ್ಸ್, 8 ಕೆಬಿ ರ‍್ಯಾಮ್. ಆಫೀಸಿನಲ್ಲಿ ಒಂದು ಬಟನ್ ತೋರಿಸುವುದಕ್ಕೆ ನಾವು ಇದರ ಎಷ್ಟೋ ಸಾವಿರ ಪಟ್ಟು ಮೆಮೊರಿ ತಿನ್ನುತ್ತೇವೆ. ಇಲ್ಲಿ 8 ಕೆಬಿಯಲ್ಲಿ ಒಂದು ಇಂಜಿನ್ ಓಡುತ್ತದೆ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗುವುದಕ್ಕೆ ಹಿಡಿಯುವ ಸಮಯ ಸುಮಾರು 28 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅದು ತನ್ನ ಲೆಕ್ಕ ತಪ್ಪಬಾರದು. ನನಗೆ ಮೊದಲು ಹುಚ್ಚು ಹಿಡಿಸಿದ್ದೇ ಇದು.

ಟ್ಯೂನಿಂಗ್ ಅಂದರೆ ಮೂಲದಲ್ಲಿ ಎರಡೇ ಪ್ರಶ್ನೆ. ಪೆಟ್ರೋಲ್ ಎಷ್ಟು? ಕಿಡಿ ಯಾವಾಗ?

ಮೊದಲನೆಯದಕ್ಕೆ ಒಂದು ಟೇಬಲ್ ಇದೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಗಾಳಿಯ ಒತ್ತಡ. 16 ಸಾಲು, 16 ಕಾಲಂ, ಒಟ್ಟು 256 ಮನೆ. ಒಂದೊಂದು ಮನೆಯಲ್ಲೂ ಒಂದು ಶೇಕಡಾವಾರು ಸಂಖ್ಯೆ: ಈ ಸ್ಪೀಡಿನಲ್ಲಿ, ಈ ಒತ್ತಡದಲ್ಲಿ ಸಿಲಿಂಡರ್ ಎಷ್ಟರ ಮಟ್ಟಿಗೆ ಗಾಳಿ ತುಂಬಿಕೊಳ್ಳುತ್ತದೆ ಅಂತ. ಅದರ ಮೇಲೆ ಇಸಿಯು ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆದಿಡಬೇಕು ಅಂತ ಲೆಕ್ಕ ಹಾಕುತ್ತದೆ. ನೀವು ಹಾಕಿದ ಸಂಖ್ಯೆ ಸರಿಯೋ ತಪ್ಪೋ ಅಂತ ಹೇಳುವುದಕ್ಕೆ ಎಕ್ಸಾಸ್ಟ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಶುದ್ಧ ಪೆಟ್ರೋಲಾದರೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬಂದರೆ ಎರಡೂ ಪೂರ್ತಿ ಉರಿದು ಖಾಲಿಯಾಗುತ್ತವೆ. ಈಗಿನ ಬಂಕುಗಳ ಶೇಕಡಾ 20ರ ಎಥನಾಲ್ ಪೆಟ್ರೋಲಿಗೆ ಆ ಸಂಖ್ಯೆ ಸುಮಾರು 13.5. ಅದಕ್ಕೇ ತಿಳಿದವರು 14.7 ಅಂತ ಬಾಯಿಪಾಠ ಮಾಡದೆ ಲ್ಯಾಂಬ್ಡಾ ನೋಡುತ್ತಾರೆ. ಲ್ಯಾಂಬ್ಡಾ 1 ಅಂದರೆ ಯಾವ ಇಂಧನವಾದರೂ ಸರಿಸಮ. ಅದಕ್ಕಿಂತ ಕಮ್ಮಿ ಇದ್ದರೆ ಪೆಟ್ರೋಲ್ ಜಾಸ್ತಿ, ಹೆಚ್ಚಿದ್ದರೆ ಗಾಳಿ ಜಾಸ್ತಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 0.85, 0.88ರ ಆಸುಪಾಸು ಇಟ್ಟರೆ ಶಕ್ತಿಯೂ ಸಿಗುತ್ತದೆ, ಸಿಲಿಂಡರಿನ ಒಳಗೆ ಸ್ವಲ್ಪ ತಂಪೂ ಇರುತ್ತದೆ.

ಈ ಭಾಗ ನನಗೆ ಚೆನ್ನಾಗಿ ಬಂತು, ಅದನ್ನು ಒಪ್ಪಿಕೊಳ್ಳಲೇಬೇಕು. ನಸುಕಿನ ಐದು ಗಂಟೆಗೆ ಹೊರಡುವುದು, ಸ್ನೇಹಿತನೊಬ್ಬ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವುದು, ಒಂದೇ ಗೇರಿನಲ್ಲಿ ನಿಧಾನವಾಗಿ ಒಂದೊಂದೇ ಮನೆಗೆ ಹೋಗುವುದು, ಲಾಗ್ ತೆಗೆಯುವುದು, ಮನೆಗೆ ಬಂದು ಗ್ರಾಫ್ ನೋಡಿ ಸಂಖ್ಯೆ ತಿದ್ದುವುದು. ಟ್ಯೂನ್ ಫೈಲು ನೋಡಿದರೆ ಬರೀ ಎಕ್ಸ್‌ಎಂಎಲ್. ಅದನ್ನು ಗಿಟ್‌ನಲ್ಲಿ ಹಾಕಿಟ್ಟಿದ್ದೆ. "3200 ಆರ್‌ಪಿಎಂ, 60 ಕಿಲೋಪಾಸ್ಕಲ್, 2 ಪರ್ಸೆಂಟ್ ಹೆಚ್ಚು" ಅಂತ ಕಮಿಟ್ ಮೆಸೇಜ್ ಬರೆದಾಗ ಆಗುತ್ತಿದ್ದ ಸುಖ, ಆಫೀಸಿನ ಯಾವ ಪ್ರಾಜೆಕ್ಟಿನಲ್ಲೂ ಆಗಿರಲಿಲ್ಲ. ಮೂರು ತಿಂಗಳಲ್ಲಿ ಇಂಜಿನ್ ಬೆಣ್ಣೆಯ ಹಾಗೆ ಎಳೆಯತೊಡಗಿತು. ನಾನು ಸಿಕ್ಕವರಿಗೆಲ್ಲ ಗ್ರಾಫ್ ತೋರಿಸುತ್ತಾ ತಿರುಗಿದೆ.

ಎರಡನೇ ಪ್ರಶ್ನೆ, ಕಿಡಿ ಯಾವಾಗ? ಪೆಟ್ರೋಲ್ ಸ್ಫೋಟವಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ಹಾಗಲ್ಲ, ಅದು ಉರಿಯುತ್ತದೆ. ಪ್ಲಗ್ಗಿನ ಬಾಯಲ್ಲಿ ಹತ್ತಿದ ಬೆಂಕಿ ಸಿಲಿಂಡರಿನ ಆ ತುದಿಯವರೆಗೆ ಹರಡುವುದಕ್ಕೆ ಸಮಯ ಬೇಕು. ಆ ಹೊತ್ತಿಗೆ ಪಿಸ್ಟನ್ ತುದಿ ಮುಟ್ಟಿ ಕೆಳಗೆ ಇಳಿಯಲು ಶುರುವಾಗಿರಬೇಕು. ಒತ್ತಡ ಅತಿ ಹೆಚ್ಚಾಗುವ ಕ್ಷಣ ಪಿಸ್ಟನ್ ಮೇಲಿನ ತುದಿ ದಾಟಿ ಸುಮಾರು 15 ಡಿಗ್ರಿ ಆದಾಗ ಬಂದರೆ ಒಳ್ಳೆಯದು. ಅದಕ್ಕೇ ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ, 20 ಡಿಗ್ರಿಯೋ 30 ಡಿಗ್ರಿಯೋ ಮುಂಚೆ, ಕಿಡಿ ಕೊಡುತ್ತಾರೆ. ಎಷ್ಟು ಮುಂಚೆ ಅನ್ನುವುದಕ್ಕೆ ಇನ್ನೊಂದು 256 ಮನೆಯ ಟೇಬಲ್.

ತೀರಾ ಮುಂಚೆ ಕೊಟ್ಟರೆ ಏನಾಗುತ್ತದೆ? ಮೇಲೆ ಬರುತ್ತಿರುವ ಪಿಸ್ಟನ್ ಒಂದು ಕಡೆಯಿಂದ ಒತ್ತುತ್ತದೆ, ಹರಡುತ್ತಿರುವ ಬೆಂಕಿ ಇನ್ನೊಂದು ಕಡೆಯಿಂದ. ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲು ಸಿಕ್ಕಿಹಾಕಿಕೊಂಡು, ಕಾದು, ಬೆಂಕಿ ಬಂದು ಮುಟ್ಟುವ ಮೊದಲೇ ತಾನಾಗಿ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಅದು ನಿಜವಾಗಲೂ ಸ್ಫೋಟ. ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒತ್ತಡದ ಅಲೆ ಬಡಿಯುತ್ತದೆ. ಅದರ ಶಬ್ದವೇ ನಾಕ್. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ.

ನನ್ನ ಟೇಬಲ್ಲಿನಲ್ಲಿ ಪೂರ್ತಿ ಲೋಡಿನ ಮನೆಗಳಲ್ಲಿ 22, 24 ಡಿಗ್ರಿ ಇತ್ತು. ಅಂಥ ಇಂಜಿನ್ನಿಗೆ ಅದು ಹೆದರಿ ಹೆದರಿ ಇಟ್ಟ ಸಂಖ್ಯೆ. ಹಾಗಾದರೆ ನಾಕ್ ಯಾಕೆ ಬಂತು?

ಇಲ್ಲಿಗೆ ಭಾಯ್ ಬರಬೇಕು. ಮೈಸೂರು ರಸ್ತೆಯ ಆಚೆ ಅವರದ್ದೊಂದು ಸಣ್ಣ ಗ್ಯಾರೇಜು. ಮೂವತ್ತು ವರ್ಷದಿಂದ ಮಾರುತಿ ಇಂಜಿನ್ ಬಿಚ್ಚಿ ಕಟ್ಟಿದ ಕೈ. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಕ್ರ್ಯಾಂಕ್ ಪುಲ್ಲಿಗೆ ನಾನು ತಂದುಕೊಟ್ಟ ಹಲ್ಲಿನ ಚಕ್ರವನ್ನು ಓಲಾಡದ ಹಾಗೆ ಕೂರಿಸಿಕೊಟ್ಟವರು ಅವರೇ. ಆ ಚಕ್ರದಲ್ಲಿ 36 ಹಲ್ಲು ಇರಬೇಕಾದ ಜಾಗದಲ್ಲಿ ಒಂದು ಹಲ್ಲು ಬೇಕೆಂದೇ ಇರುವುದಿಲ್ಲ. ಹಲ್ಲಿಂದ ಹಲ್ಲಿಗೆ 10 ಡಿಗ್ರಿ. ಎದುರಿಗೆ ಕೂತ ಸೆನ್ಸರ್ ಹಲ್ಲು ಎಣಿಸುತ್ತಾ ಹೋಗುತ್ತದೆ, ಖಾಲಿ ಜಾಗ ಬಂದಾಗ "ಓ, ಒಂದು ಸುತ್ತಾಯಿತು" ಅಂತ ಗೊತ್ತುಮಾಡಿಕೊಳ್ಳುತ್ತದೆ. ಆದರೆ ಆ ಖಾಲಿ ಜಾಗ ದಾಟಿದ ಮೊದಲ ಹಲ್ಲು ಸೆನ್ಸರಿನ ಎದುರು ಬಂದಾಗ 1ನೇ ಪಿಸ್ಟನ್ ಎಲ್ಲಿರುತ್ತದೆ? ಅದು ಇಸಿಯುಗೆ ತಾನಾಗಿ ಗೊತ್ತಾಗುವುದಿಲ್ಲ. ನಾವು ಹೇಳಬೇಕು. ಸೆಟ್ಟಿಂಗ್ಸಿನಲ್ಲಿ ಟ್ರಿಗರ್ ಆಂಗಲ್ ಅಂತ ಒಂದೇ ಒಂದು ಸಂಖ್ಯೆ. ಮಿಕ್ಕ 256 ಮನೆಗಳೂ ನಿಂತಿರುವುದು ಅದರ ಮೇಲೆ.

ನಾನು ಪ್ಲಗ್ ಬಿಚ್ಚಿ, ತೂತಿನೊಳಗೆ ಉದ್ದನೆಯ ಸ್ಕ್ರೂಡ್ರೈವರ್ ಇಳಿಬಿಟ್ಟು, ಪಿಸ್ಟನ್ ತುದಿಗೆ ಬಂದ ಜಾಗ ಹಿಡಿದು, ಹಲ್ಲು ಎಣಿಸಿದೆ. 11 ಬಂತು. 110 ಡಿಗ್ರಿ ಅಂತ ತುಂಬಿದೆ. ಮೊದಲ ಸಲ ಕೀ ತಿರುಗಿಸಿದಾಗ ಇಂಜಿನ್ ಸ್ಟಾರ್ಟ್ ಆಗಿಯೇಬಿಟ್ಟಿತು. ನಾವಿಬ್ಬರೂ ಕುಣಿದಾಡಿದೆವು.

ಆವತ್ತೇ ಭಾಯ್ ಕೇಳಿದ್ದರು, "ಸರ್, ಲೈಟ್ ಹಾಕಿ ನೋಡ್ಬಿಡೋಣ್ವಾ?"

ಲೈಟು ಅಂದರೆ ಟೈಮಿಂಗ್ ಲೈಟು. 1ನೇ ಸಿಲಿಂಡರಿನ ಪ್ಲಗ್ ವೈರಿಗೆ ಕ್ಲಿಪ್ ಹಾಕಿದರೆ ಪ್ರತಿ ಕಿಡಿಗೂ ಒಮ್ಮೆ ಫಕ್ ಅಂತ ಮಿಂಚುತ್ತದೆ. ಆ ಬೆಳಕನ್ನು ತಿರುಗುವ ಪುಲ್ಲಿಯ ಮೇಲೆ ಹಿಡಿದರೆ, ಪುಲ್ಲಿಯ ಗುರುತು ನಿಂತ ಹಾಗೆ ಕಾಣುತ್ತದೆ. ಕಿಡಿ ನಿಜವಾಗಿ ಎಲ್ಲಿ ಬೀಳುತ್ತಿದೆ ಅಂತ ಕಣ್ಣಲ್ಲೇ ನೋಡಬಹುದು. ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಕಾಲದ ಉಪಕರಣ.

"ಬೇಡ ಭಾಯ್, ಇಲ್ಲೇ ಸ್ಕ್ರೀನಲ್ಲಿ ತೋರಿಸುತ್ತೆ ನೋಡಿ, ಅಡ್ವಾನ್ಸ್ 10 ಡಿಗ್ರಿ" ಅಂದೆ. ಅವರು ಸ್ಕ್ರೀನ್ ನೋಡಿದರು, ನನ್ನ ಮುಖ ನೋಡಿದರು. "ಸರಿ ಸರ್, ನಿಮ್ಗೆ ಗೊತ್ತಿರುತ್ತೆ" ಅಂದು ಲೈಟನ್ನು ಎತ್ತಿಟ್ಟರು.

ಮಾಸ್ತಿಕಟ್ಟೆಯಿಂದ ಲಾರಿಯ ಮೇಲೆ ಬಂದ ಕಾರನ್ನು ಬಿಚ್ಚಿದ್ದೂ ಅದೇ ಗ್ಯಾರೇಜಿನಲ್ಲಿ. ಕಂಪ್ರೆಷನ್ ನೋಡಿದರೆ ಮೂರು ಸಿಲಿಂಡರ್‌ಗಳಲ್ಲಿ 160ರ ಮೇಲೆ, 3ನೆಯದರಲ್ಲಿ 70 ಪಿಎಸ್‌ಐ. ಅದರ ಪ್ಲಗ್ ತೆಗೆದು ಭಾಯ್ ಬೆಳಕಿಗೆ ಹಿಡಿದರು. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಬೆಳ್ಳಿಯ ಚುಕ್ಕೆ. ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಹಾರಿ ಕೂತದ್ದು. ಹೆಡ್ ಎತ್ತಿ ಪಿಸ್ಟನ್ ಹೊರತೆಗೆದರೆ, ಎರಡು ರಿಂಗುಗಳ ನಡುವಿನ ಗೋಡೆ ಹೆಬ್ಬೆಟ್ಟಿನಗಲ ಮುರಿದು ಹೋಗಿತ್ತು. ಸಿಲಿಂಡರ್ ಗೋಡೆಯ ಮೇಲೆ ಉಗುರಿಗೆ ತಾಗುವಂಥ ಗೀರುಗಳು. ಬೋರ್ ಮಾಡಿಸುವುದು, ನಾಲ್ಕು ಓವರ್‌ಸೈಜ್ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್, ಲೇಬರ್ ಎಲ್ಲ ಸೇರಿ ನನಗೆ 46 ಸಾವಿರ ಬಿತ್ತು. ಭಾಯ್ "ಹೇಳಿದ್ದೆ ಅಲ್ವಾ" ಅನ್ನಲಿಲ್ಲ. ಪಿಸ್ಟನ್ನನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಇಂಜಿನ್ ಮತ್ತೆ ಕಟ್ಟಿದ ದಿನ ಮೊದಲ ಕೆಲಸ ಲೈಟ್ ಹಾಕಿದ್ದು. ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದೆ. ಪುಲ್ಲಿಯ ಮೇಲೆ ಮೊದಲೇ ಬಿಳಿ ಪೇಂಟಿನಲ್ಲಿ 0, 10, 20, 30ರ ಗುರುತು ಹಾಕಿಕೊಂಡಿದ್ದೆವು. ಭಾಯ್ ಲೈಟ್ ಹಿಡಿದರು. ಸ್ಕ್ರೀನ್ 10 ಅನ್ನುತ್ತಿದೆ. ಪುಲ್ಲಿಯಲ್ಲಿ ಸೂಜಿಯ ಎದುರು ನಿಂತ ಗೆರೆ 20.

ಸರಿಯಾಗಿ 10 ಡಿಗ್ರಿ, ಅಂದರೆ ಸರಿಯಾಗಿ ಒಂದು ಹಲ್ಲು. 100 ಇರಬೇಕಾದ ಕಡೆ 110 ತುಂಬಿದ್ದೆ. ಕಾಲೇಜಿನ ಮೊದಲ ವರ್ಷದಿಂದ ಲೂಪ್ ಬರೆಯುವಾಗ ಸೊನ್ನೆಯಿಂದ ಎಣಿಸಬೇಕೋ ಒಂದರಿಂದ ಎಣಿಸಬೇಕೋ ಅಂತ ಎಡವುತ್ತಾ ಬಂದ ನಮ್ಮ ಕುಲದ ಅತಿ ಹಳೆಯ ತಪ್ಪು. ಶುರುವಿನ ಹಲ್ಲನ್ನು ಸೊನ್ನೆ ಅನ್ನಬೇಕಿತ್ತು, ಒಂದು ಅಂದಿದ್ದೆ. ಟೇಬಲ್ಲಿನಲ್ಲಿ 24 ಇದ್ದಾಗ ಸಿಲಿಂಡರಿನಲ್ಲಿ 34 ಬೀಳುತ್ತಿತ್ತು. ಒಂದು ವರ್ಷ ಹಾಗೇ ಓಡಿಸಿದ್ದೆ.

ನಾನು ತುಂಬ ದಿನ ಯೋಚಿಸಿದ್ದು ಈ ವಿಷಯವನ್ನೇ. ಸ್ಕ್ರೀನಿನಲ್ಲಿ ಲ್ಯಾಂಬ್ಡಾ ಅಂತ ಒಂದು ಸಂಖ್ಯೆ, ಅಡ್ವಾನ್ಸ್ ಅಂತ ಇನ್ನೊಂದು ಸಂಖ್ಯೆ. ಒಂದೇ ಅಕ್ಷರ, ಒಂದೇ ಬಣ್ಣ, ಅಕ್ಕಪಕ್ಕ ಡಯಲ್. ಆದರೆ ಎರಡೂ ಬೇರೆ ಬೇರೆ ಜಾತಿಯವು. ಲ್ಯಾಂಬ್ಡಾ ಹೊಗೆಯಲ್ಲಿ ಅಳೆದು ತಂದ ಸುದ್ದಿ. ಅಡ್ವಾನ್ಸ್ ಅಳೆದದ್ದಲ್ಲ, ನಾನು ಕೊಟ್ಟ ಆದೇಶವನ್ನೇ ನನಗೆ ತಿರುಗಿ ಓದಿ ಹೇಳುವುದು. "ನೀನು 24 ಅಂದಿದ್ದೆ, ನಾನು 24 ಅಂತ ಕಳಿಸಿದ್ದೇನೆ" ಅನ್ನುತ್ತದೆ ಅಷ್ಟೇ. ತಲುಪಿತಾ, ಎಲ್ಲಿಗೆ ತಲುಪಿತು, ಅದಕ್ಕೆ ಗೊತ್ತಿಲ್ಲ. ಆಫೀಸಿನಲ್ಲಿ ಜೂನಿಯರ್ ಹುಡುಗರು "ಸರ್, ಲಾಗಲ್ಲಿ ಸಕ್ಸೆಸ್ ಅಂತ ಬಂದಿದೆ" ಅಂದಾಗ "ಅದು ಕಳಿಸಿದ್ದರ ಲಾಗ್ ಕಣೋ, ಆ ಕಡೆ ಸೇರಿದ್ದರ ಲಾಗ್ ತೋರಿಸು" ಅಂತ ಗದರುವವನು ನಾನೇ. ನನ್ನದೇ ಇಂಜಿನ್ನಿನಲ್ಲಿ ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಸೂಚನೆ ಸಿಕ್ಕಿರಲಿಲ್ಲ ಅಂತಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೆಲವು ಸಲ ಸ್ಟಾರ್ಟರ್ ತಡವರಿಸಿ ಹಿಂದಕ್ಕೆ ಒದ್ದ ಹಾಗಾಗುತ್ತಿತ್ತು. ಕಿಡಿ ತೀರಾ ಮುಂಚೆ ಬಿದ್ದಾಗ ಆಗುವುದೇ ಅದು. ನಾನು ಬ್ಯಾಟರಿ ವೀಕ್ ಅಂದುಕೊಂಡು ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಒದೆಯುತ್ತಿತ್ತು. ಅಭ್ಯಾಸವಾಗಿ ಹೋಯಿತು.

ಮತ್ತೆ ಬೆಂಗಳೂರಿನಲ್ಲಿ ಒಂದು ವರ್ಷ ಹೇಗೆ ಬದುಕಿತು? ಇದಕ್ಕೂ ಉತ್ತರ ನನ್ನ ಲಾಗಿನಲ್ಲೇ ಇತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತಿರ ಹತ್ತಿರ 91 ಕಿಲೋಪಾಸ್ಕಲ್. ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಮ್ಯಾನಿಫೋಲ್ಡಿನೊಳಗೆ ಅದಕ್ಕಿಂತ ಹೆಚ್ಚು ಬರಲಾರದು. ನನ್ನ ಟೇಬಲ್ಲಿನ ಮೇಲಿನ ಎರಡು ಸಾಲು, 95 ಮತ್ತು 100, ಇಂಜಿನ್ ಒಮ್ಮೆಯೂ ಕಾಲಿಡದ ಜಾಗ. ಅಲ್ಲಿನ ಸಂಖ್ಯೆಗಳನ್ನು ನಾನು ಎಕ್ಸೆಲ್ಲಿನಲ್ಲಿ ಎಳೆಯುವ ಹಾಗೆ ಕೆಳಗಿನ ಸಾಲಿನಿಂದ ಎಳೆದು ತುಂಬಿದ್ದೆ. ನಮ್ಮೂರು ಘಾಟಿಯ ಕೆಳಗೆ, ಸಿದ್ದಾಪುರದ ಹತ್ತಿರ. ಅಲ್ಲಿ ಒತ್ತಡ ಹೆಚ್ಚುಕಮ್ಮಿ 100. ಗಾಳಿ ದಟ್ಟ, ಅಂದರೆ ಪ್ರತಿ ಹೊಡೆತಕ್ಕೂ ಸಿಲಿಂಡರಿನಲ್ಲಿ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಒತ್ತಡ. ಮೇಲಿಂದ ಮೇ ತಿಂಗಳ ಸೆಕೆ, ಕಡಿದಾದ ಏರು, ಮೂರನೇ ಗೇರು, ಕಮ್ಮಿ ಆರ್‌ಪಿಎಂ, ಪೂರ್ತಿ ಒತ್ತಿದ ಕಾಲು. ನಾಕ್ ಬರುವುದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸೇರಿತ್ತು. ಬೆಂಗಳೂರಿನ ತೆಳು ಗಾಳಿ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಹುಟ್ಟಿದೂರಿನ ಗಾಳಿ ಬಯಲು ಮಾಡಿತು.

ಅದನ್ನು ಮೊದಲು ಕೇಳಿಸಿಕೊಂಡದ್ದು ಅಪ್ಪಯ್ಯ.

ನಮ್ಮ ತೋಟಕ್ಕೆ ಹೊಳೆಯ ನೀರು. ನಾನು ಶಾಲೆಗೆ ಹೋಗುವಾಗ ಒಂದು ಸಿಲಿಂಡರಿನ ಡೀಸೆಲ್ ಪಂಪಿತ್ತು. ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಿ, ವೇಗ ಬಂದಾಗ ಲಿವರ್ ಬಿಟ್ಟರೆ ಡಗ್ ಡಗ್ ಅಂತ ಶುರುವಾಗುತ್ತಿತ್ತು. ಪಂಪ್ ಬಿಟ್ಟು ಅಪ್ಪಯ್ಯ ಮನೆಗೆ ಬಂದು ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಅರ್ಧ ಲೋಟ ಆಗಿರುತ್ತಿತ್ತು, ಲೋಟ ಕೆಳಗಿಟ್ಟು "ನೀರು ಬಿಟ್ಟಿತು" ಅಂದು ಎದ್ದು ಹೋಗುತ್ತಿದ್ದರು. ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿ ಪಂಪು ನೀರೆಳೆಯುವುದು ನಿಂತರೆ ಇಂಜಿನ್ ಮೇಲಿನ ಭಾರ ಕಮ್ಮಿಯಾಗಿ ಶಬ್ದ ಹಗುರವಾಗುತ್ತದೆ. ಅಡಿಕೆ ತೋಟದ ಆಚೆಯಿಂದ, ಕಾಫಿ ಹೀರುತ್ತಾ, ಅದು ಅವರಿಗೆ ಕೇಳಿಸುತ್ತಿತ್ತು. ನನಗೆ ಡಗ್ ಡಗ್ ಮಾತ್ರ.

ಹಾಗಂತ ಇದು "ಹಳಬರ ಕಿವಿಯೇ ಶ್ರೇಷ್ಠ, ಲ್ಯಾಪ್‌ಟಾಪ್ ಸುಳ್ಳು" ಅನ್ನುವ ಕಥೆ ಅಲ್ಲ. ಇಂಜಿನ್ ನಾಲ್ಕೂವರೆ ಸಾವಿರ ಆರ್‌ಪಿಎಂನಲ್ಲಿ ಕೂಗುತ್ತಿರುವಾಗ ಸಣ್ಣ ನಾಕ್ ಯಾರ ಬರಿಗಿವಿಗೂ ಕೇಳಿಸುವುದಿಲ್ಲ. ಪೆಟ್ರೋಲ್ ಎರಡು ಪರ್ಸೆಂಟ್ ಕಮ್ಮಿ ಇದೆ ಅಂತ ವಾಸನೆಯಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ತೊಂದರೆ ಲ್ಯಾಪ್‌ಟಾಪಿನದ್ದಲ್ಲ. ಎದುರಿಗೆ ಇಂಜಿನ್ನೇ ಬಡಿದುಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ಕೂತವರು ಅದನ್ನು ಬಾಯಿಬಿಟ್ಟು ಹೇಳಿದಾಗ, ನಾನು ಸ್ಕ್ರೀನನ್ನು ನಂಬಿದೆ. ಆ ಸ್ಕ್ರೀನೋ, ನಾನು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿತ್ತು.

ಈಗ ಕಲಿಯುವವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಸೆನ್ಸರುಗಳನ್ನು ನಂಬಬಹುದಾ ನೋಡಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಒತ್ತಡದ ಸೆನ್ಸರ್ ಏನು ಹೇಳುತ್ತದೆ ಓದಿ. ಬೆಂಗಳೂರಿನಲ್ಲಿ 100 ತೋರಿಸಿದರೆ ಕ್ಯಾಲಿಬ್ರೇಷನ್ ತಪ್ಪು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್ ಮತ್ತು ಗಾಳಿಯ ಉಷ್ಣಾಂಶ ಎರಡೂ ಒಂದೇ ಇರಬೇಕು. ಎಕ್ಸಾಸ್ಟಿನಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಒಳನುಗ್ಗಿ ವೈಡ್‌ಬ್ಯಾಂಡ್ ಸುಳ್ಳು ಹೇಳುತ್ತದೆ, ನೀವು ಇಲ್ಲದ ಕೊರತೆಗೆ ಪೆಟ್ರೋಲ್ ಸುರಿಯುತ್ತೀರಿ. ಎರಡನೆಯದು ಟೈಮಿಂಗ್ ಲೈಟು. ಬರೀ ಐಡಲಿನಲ್ಲಿ ಅಲ್ಲ, 3000 ಆರ್‌ಪಿಎಂನಲ್ಲೂ ಗೆರೆ ಅಲ್ಲೇ ನಿಲ್ಲುತ್ತದಾ ನೋಡಿ. ಅದಾದ ಮೇಲೆ ಪೆಟ್ರೋಲಿನ ಟೇಬಲ್, ಅದು ಪೂರ್ತಿ ಆಗುವವರೆಗೆ ಕಿಡಿಯನ್ನು ತಡವಾಗಿಯೇ ಇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಳೆದು ತುಂಬಿದ ಮನೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿಡಿ, ಅಲ್ಲಿಗೆ ಮೊದಲ ಸಲ ಹೋಗುವಾಗ ಮೈಯೆಲ್ಲ ಕಿವಿಯಾಗಿರಲಿ.

ಮತ್ತೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ಗಾಡಿಯನ್ನು ನಾನು ರಸ್ತೆಯಲ್ಲಿ ಓಡಿಸಿದ್ದೇ ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಬಿಡಿ, ಅವತ್ತು ಆ ತಿರುವಿನಲ್ಲಿ ಇಂಜಿನ್ ಪೂರ್ತಿ ಹಿಡಿದುಕೊಂಡಿದ್ದರೆ, ಹಿಂದಿನಿಂದ ಲಾರಿ ಬಂದಿದ್ದರೆ ಅಂತ ಯೋಚಿಸಿದರೆ ಈಗಲೂ ಕೈ ಬೆವರುತ್ತದೆ. ಪಕ್ಕದಲ್ಲಿ ಇದ್ದದ್ದು ಅಪ್ಪಯ್ಯ. ಈಗ ಅದು ಟ್ರ್ಯಾಕ್ ಗಾಡಿ. ವರ್ಷಕ್ಕೆ ಎರಡು ಮೂರು ಸಲ ಲಾರಿಯ ಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಬರುತ್ತದೆ. ಅದು ಬೆಂಗಳೂರಿಗಿಂತ ಸುಮಾರು 500 ಮೀಟರ್ ತಗ್ಗು. ಮೇಲಿನ ಸಾಲುಗಳಲ್ಲಿ ಒಂದನ್ನು ಅಲ್ಲಿ ನಿಜವಾಗಿ ಅಳೆದು ತುಂಬಿದ್ದೇನೆ. 100ರ ಸಾಲು ಇನ್ನೂ ಕೆಂಪು ಬಣ್ಣದಲ್ಲೇ ಇದೆ.

ನಾಕ್ ಕೇಳಿಸಿಕೊಳ್ಳುವುದಕ್ಕೆ ಒಂದು ಉಪಾಯ ಕಲಿತೆ. ತಾಮ್ರದ ಸಣ್ಣ ಕೊಳವೆಯ ಒಂದು ತುದಿ ಜಜ್ಜಿ ಚಪ್ಪಟೆ ಮಾಡಿ, ತೂತು ಹೊಡೆದು, ಇಂಜಿನ್ ಬ್ಲಾಕಿನ ಬೋಲ್ಟಿಗೆ ಸೇರಿಸಿ ಬಿಗಿಯುವುದು. ಇನ್ನೊಂದು ತುದಿಗೆ ಉದ್ದನೆಯ ಪೈಪು ಸಿಕ್ಕಿಸಿ, ಕಾರಿನೊಳಗೆ ತಂದು, ಕಾರ್ಖಾನೆಯವರು ಕಿವಿಗೆ ಹಾಕಿಕೊಳ್ಳುವ ಇಯರ್‌ಮಫ್‌ಗೆ ಜೋಡಿಸುವುದು. ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಹೊರಗಿನ ಗಲಾಟೆಯೆಲ್ಲ ಹೋಗಿ ಇಂಜಿನ್ನಿನ ಒಳಗಿನ ಶಬ್ದ ಮಾತ್ರ ಉಳಿಯುತ್ತದೆ. ಈ ಪೈಪು ತೋಟದ ಡ್ರಿಪ್ ಲೈನಿನಿಂದ ಉಳಿದ ತುಂಡು. ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನೇ ಅಳತೆ ಕೇಳಿ ಕತ್ತರಿಸಿ ಕೊಟ್ಟರು.

ಅವತ್ತು ಅವರಿಗೆ ಎಲ್ಲ ಹೇಳಿದೆ. ಚಕ್ರ, ಹಲ್ಲು, ಒಂದು ಹಲ್ಲು ಜಾಸ್ತಿ ಎಣಿಸಿದ್ದು, ಘಾಟಿಯ ಕೆಳಗಿನ ಗಾಳಿ. ಪೂರ್ತಿ ಕೇಳಿದರು. ಮದುವೆಯ ಮುಹೂರ್ತ ತಮಗೆ ತಪ್ಪಿಹೋದದ್ದನ್ನು ಎತ್ತಲಿಲ್ಲ.

"ಎಣಿಸುವಾಗ ತಪ್ಪುದು ಎಲ್ಲರಿಗೂ ಉಂಟು" ಅಂದರು. "ನಾನು ಶಬ್ದ ಅಂದೆನಲ್ಲ, ಆಗ ಎಂತಕ್ಕೆ ನಿಲ್ಲಿಸ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ಕಾಯಲಿಲ್ಲ, ಕತ್ತರಿಸಿದ ಪೈಪಿನ ತುದಿಯನ್ನು ಬಾಯಿಗಿಟ್ಟು ಊದಿ, ಕಸ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನನ್ನ ಕೈಗೆ ಕೊಟ್ಟರು.

ಈಗ ನನ್ನ ಟೇಬಲ್ಲಿನಲ್ಲಿ ಪೂರ್ತಿ ಲೋಡಿನ ಮನೆಗಳಲ್ಲಿ ಇರುವುದು, ಇಂಜಿನ್ ತಡೆದುಕೊಳ್ಳುವುದಕ್ಕಿಂತ ಎರಡು ಡಿಗ್ರಿ ಕಮ್ಮಿ. ಟ್ರ್ಯಾಕಿನ ಹುಡುಗರು ಲ್ಯಾಪ್‌ಟಾಪ್ ನೋಡಿ "ಸರ್, ಇಲ್ಲಿ ಇನ್ನೂ ಪವರ್ ಇದೆ, ಬಿಟ್ಟುಬಿಟ್ಟಿದ್ದೀರಲ್ಲ" ಅನ್ನುತ್ತಾರೆ. ಗೊತ್ತು ಅಂತೀನಿ. ಲೈಟ್ ಡಿಕ್ಕಿಯಲ್ಲಿದೆ, ಪ್ರತಿ ಸಲ ಟ್ರ್ಯಾಕಿಗೆ ಇಳಿಸುವ ಮೊದಲು ಪುಲ್ಲಿಗೆ ಹಿಡಿದು ನೋಡುತ್ತೇನೆ. ಗೆರೆ 10ರಲ್ಲೇ ನಿಂತಿರುತ್ತದೆ. ಆದರೂ ನೋಡುತ್ತೇನೆ.